ಅಪ್ಪಣೆ ಕೊಡದ ಬಾಯಮ್ಮ

ಸಂಜೀವನ ಫೋನು ಬಂದಾಗ ನಾನು ಅಡಿಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡಿಗೆಮನೆಗೆ ಸುಮ್ಮನೆ ಓಡಾಡುತ್ತಿದ್ದೆ. ಇದು ನನ್ನ ಹಳೆಯ ಚಾಳಿ. ಒಂದು ಕಡೆ ಕೂಡುವ ಹೆಂಗಸು ನಾನಲ್ಲ. "ಬಾಯಮ್ಮ ಹೋದ್ರು ಅಕ್ಕ," ಅಂದ. ಮಂಗಳೂರಿನ ಹತ್ತಿರ ಸಿಸ್ಟರುಗಳು ನಡೆಸುವ ಒಂದು ಆಶ್ರಮದಲ್ಲಿ ಅವರು ಕೊನೆಯ ವರ್ಷಗಳನ್ನು ಕಳೆಯುತ್ತಿದ್ದರು. "ಹೋಗುವಾಗ ನಾನು ಮಂಚದ ಹತ್ತಿರವೇ ಕೂತಿದ್ದೆ," ಅಂದ. ಮತ್ತೆ, "ಕೂತೇ ಇದ್ದೆ ಅಕ್ಕ, ನಿಂತಿರಲಿಲ್ಲ," ಅಂದ.

ನನ್ನ ಮಗಳು ಸ್ಮಿತಾ ಪಕ್ಕದಲ್ಲೇ ಇದ್ದಳು. ಫೋನ್ ಇಟ್ಟ ಮೇಲೆ, "ಕೂತಿದ್ದರೆ ಏನು, ನಿಂತಿದ್ದರೆ ಏನು? ವೈ ಡಸ್ ಇಟ್ ಮ್ಯಾಟರ್?" ಅಂತ ಕೇಳಿದಳು. ಯುದ್ಧದ ವರ್ಷ ಕುವೈತಿನಿಂದ ನಾವು ತಪ್ಪಿಸಿಕೊಂಡು ಬಂದ ಬಸ್ಸಿನಲ್ಲಿ ಅವಳೂ ಇದ್ದಳು, ಆದರೆ ಮೈತುಂಬ ಹಕ್ಕಳೆ ಎದ್ದ ಸಣ್ಣ ಹುಡುಗಿ ಆಗ. ಅವಳಿಗೆ ಬಾಯಮ್ಮ ಅಂದರೆ ಗೌನಿನ ಜೇಬಿನಿಂದ ಖರ್ಜೂರ ತೆಗೆದು ಕೊಡುವ ಅಜ್ಜಿ ಅಷ್ಟೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಾಯಮ್ಮನ ನಿಜವಾದ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ, ಆದರೆ ಬರೆಯಬೇಡ ಎಂದು ಅವರು ಹೇಳುತ್ತಲೂ ಇರಲಿಲ್ಲ. ಅದೇ ಅವರ ಸ್ವಭಾವ.

ನಾವಿದ್ದದ್ದು ಕುವೈತಿನ ಮೈದಾನ್ ಹವಲ್ಲಿಯಲ್ಲಿ. ನಮ್ಮವರು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಶಿಯನ್. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಕತ್ತಲಾಗುವ ಹೊತ್ತಿಗೆ ಮನೆ. ಗದಗಿನವಳಾದ ನಾನು ದಿನವಿಡೀ ಆ ಕಟ್ಟಡದ ಮೆಟ್ಟಿಲು ಹತ್ತಿ ಇಳಿದು ಕಾಲ ಕಳೆಯುತ್ತಿದ್ದೆ. ಮೆಟ್ಟಿಲ ತುಂಬ ತುಳು, ಕೊಂಕಣಿ, ಬ್ಯಾರಿ, ಮಲಯಾಳ. ನನ್ನ ಕನ್ನಡ ಕೇಳಿ, "ಅಕ್ಕ, ನೀವು ಮರಾಠಿಯವರಾ?" ಅಂದ ಮಹಾನುಭಾವರೂ ಇದ್ದರು. ಸಂಜೀವ ನಮ್ಮ ಕೆಳಗಿನ ಮಹಡಿಯಲ್ಲಿದ್ದ. ಮೂಲೆಯ ಹೋಟೆಲು ಅವನದು. ಹೆಗಲ ಮೇಲೆ ಯಾವಾಗಲೂ ಒಂದು ಟವೆಲು, ಅವರ ಭಾಷೆಯಲ್ಲಿ ಬೈರಾಸು, ಅದರಲ್ಲೇ ಕೈ ಒರೆಸು, ಅದರಲ್ಲೇ ಮೇಜು ಒರೆಸು. ನಮ್ಮ ಪಕ್ಕದ ಒಂಟಿ ಕೋಣೆಯ ಮನೆಯೂ ಅವನ ಹೆಸರಿನಲ್ಲೇ ಇತ್ತು. ಅದನ್ನು ಅವನು ತನ್ನೂರಿನವರೇ ಆದ ಬಾಯಮ್ಮನಿಗೆ ಬಾಡಿಗೆಗೆ ಕೊಟ್ಟಿದ್ದ. "ನೋಡಿ ಅಕ್ಕ," ಅಂತ ಮೊದಲ ಸಲ ಪರಿಚಯಿಸಿದಾಗಲೇ ನಕ್ಕಿದ್ದ, "ಮೂರು ತಲೆ ನಾವು ಇವರ ಒಕ್ಕಲು. ಈಗ ಇವರು ನನ್ನ ಒಕ್ಕಲು." ಬಾಯಮ್ಮನೂ ನಕ್ಕಿದ್ದರು. ನಗು ಇಬ್ಬರ ಮುಖದಲ್ಲೂ ಬೇರೆ ಬೇರೆ ಥರ ಇತ್ತು.

ತುಳುವರು ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುತ್ತಾರೆ. ನಮಗೆಲ್ಲ ಅವರು ಹಾಗೆಯೇ ಆದರು. ಅವರ ಮನೆತನ ಊರಿನ ಇಗರ್ಜಿಗೆ, ಅಂದರೆ ಚರ್ಚಿಗೆ, ಗುರಿಕಾರರದು. ಕಣ್ಣು ಹಾಯಿಸಿದಷ್ಟು ಗದ್ದೆ, ಹಬ್ಬದ ಮೆರವಣಿಗೆಯಲ್ಲಿ ಮೊದಲ ಸ್ಥಾನ, ಅಂಗಳದಲ್ಲಿ ಕೈಕಟ್ಟಿ ನಿಲ್ಲುವ ಒಕ್ಕಲುಗಳು. ಆ ಮನೆಯ ಮಗಳು ಇಲ್ಲಿ ಬ್ನೇದ್ ಅಲ್ ಗಾರ್‌ನಲ್ಲಿ, ವೀಸಾ ಕೊಟ್ಟ ಕಫೀಲನ ಮುದಿ ತಾಯಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ದಿನವೂ ಹೋಗಿ ಬರುತ್ತಿದ್ದರು. ಮುದುಕಿಯ ತಲೆ ಬಾಚುವುದು, ಕಾಲು ಒತ್ತುವುದು, ಔಷಧಿ ಕುಡಿಸುವುದು. ಎಲ್ಲರೂ ಹಜ್ಜಾ ಎನ್ನುತ್ತಿದ್ದ ಆ ಮುದುಕಿಯ ಬಾಯಿಂದ ದಿನಕ್ಕೆ ನೂರು ಹುಕುಂ ಹೊರಡುತ್ತಿದ್ದವಂತೆ. ಬಾಯಮ್ಮ ಅದನ್ನು ಹೇಳುವಾಗ ಹಬ್ಬದೂಟ ವರ್ಣಿಸಿದ ಹಾಗೆ ವರ್ಣಿಸುತ್ತಿದ್ದರು.

ಅವರು ಯಾರಿಗೂ ಯಾವುದನ್ನೂ ಮಾಡು ಎನ್ನುತ್ತಿರಲಿಲ್ಲ. ಇದು ನನಗೆ ಮೊದಲು ಗೊತ್ತಾದದ್ದು ಟ್ಯಾಕ್ಸಿಯಲ್ಲಿ. ಒಂದು ಶುಕ್ರವಾರ ಅವರು ಸಿಟಿಯ ಇಗರ್ಜಿಗೆ ಹೋಗುವಾಗ ನಾನೂ ಪೇಟೆಗೆಂದು ಜೊತೆಗೆ ಹತ್ತಿದ್ದೆ. ಇಳಿಯುವ ಜಾಗ ಬಂದಾಗ ಬಾಯಮ್ಮ ಪಠಾಣ ಡ್ರೈವರನಿಗೆ, "ಭಾಯಿ, ಇಧರ್ ರುಕ್ ಸಕ್ತಾ ಹೈ ಕ್ಯಾ?" ಅಂದರು. ಅವನು, "ಹಾಂ ಹಾಂ, ರುಕ್ ಸಕ್ತಾ ಹೈ," ಅಂದು ಆರಾಮವಾಗಿ ಮುಂದೆ ಹೊಡೆದುಕೊಂಡು ಹೋದ. ಇಗರ್ಜಿ ಹಿಂದೆ ಹೋಯಿತು, ಸಿಗ್ನಲ್ ಹಿಂದೆ ಹೋಯಿತು. ನಾನು, "ಏ ನಿಂದ್ರಸಪ್ಪಾ," ಎಂದು ಗದಗಿನ ದನಿಯಲ್ಲಿ ಕೂಗಿದಾಗಲೇ ಬ್ರೇಕು ಬಿದ್ದದ್ದು. ಅಷ್ಟು ದೂರ ಬಿಸಿಲಲ್ಲಿ ಇಬ್ಬರೂ ವಾಪಸು ನಡೆದೆವು. "ಯಾಕ್ರಿ ಬಾಯಮ್ಮ, ನಿಲ್ಲಿಸು ಅನ್ನಾಕ ಬಾಯಿ ಬರಂಗಿಲ್ಲೇನು?" ಅಂದೆ. "ಬರ್ತದೆ ಮಾರಾಯ್ತಿ. ಅದೇ ಕಷ್ಟ," ಅಂದರು.

ಅದೇನು ಕಷ್ಟ ಎನ್ನುವುದನ್ನು ಅವರು ನನ್ನ ಮನೆಯ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಾ ಒಂದು ಮಧ್ಯಾಹ್ನ ಹೇಳಿದರು. ಕುರ್ಚಿಯಲ್ಲಿ ಅವರು ಕೂತದ್ದನ್ನು ನಾನು ಕಂಡಿರಲಿಲ್ಲ. ಎಷ್ಟು ಹೇಳಿದರೂ ನೆಲವೇ. ಅಪ್ಪಣೆ ಕೊಡುವುದನ್ನು ಅವರಿಗೆ ತಂದೆ ಕಲಿಸಿದ್ದರಂತೆ, ಬೇರೆಯವರು ಮಕ್ಕಳಿಗೆ ಮಗ್ಗಿ ಕಲಿಸಿದ ಹಾಗೆ. ದನಿ ಏರಿಸಬಾರದು, ಇಳಿಸಬೇಕು. ಏರಿಸಿದರೆ ಸಿಟ್ಟು ಎಂದುಕೊಳ್ಳುತ್ತಾರೆ, ಇಳಿಸಿದರೆ ಎದುರಿನವನ ಮೊಣಕಾಲು ತಾನೇ ಕೇಳುತ್ತದೆ. ಹುಡುಗಿಗೆ ಆ ವಿದ್ಯೆ ಚೆನ್ನಾಗಿ ಹತ್ತಿತು. ಒಂದು ದಿನ ಗೇಣಿಯ ಮಾತಿಗೆ ಬಂದ ಒಬ್ಬ ವಯಸ್ಸಾದ ಒಕ್ಕಲಿಗೆ, ಅಪ್ಪ ಮಲಗಿದ್ದಾರೆ, ಅಲ್ಲೇ ನಿಲ್ಲು ಎಂದು ದನಿ ಇಳಿಸಿ ಹೇಳಿ ಒಳಗೆ ಹೋದಳು. ಹೋದವಳು ಮರೆತಳು. ಸಂಜೆ ಇಗರ್ಜಿಯ ಗಂಟೆ ಹೊಡೆದಾಗ ಹೊರಗೆ ಬಂದು ನೋಡಿದರೆ ಅವನು ಬೈರಾಸನ್ನು ಹೆಗಲಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತಿದ್ದ. ಮಧ್ಯಾಹ್ನದ ಬಿಸಿಲೆಲ್ಲ ಅವನ ಮೇಲೆಯೇ ಬಿದ್ದು ಹೋಗಿತ್ತು.

"ಆಗ ನನ್ನ ಹೆಸರು ಹಿಡಿದು ಯಾರೋ ಕರೆದ ಹಾಗೆ ಆಯ್ತು," ಅಂದರು ಬಾಯಮ್ಮ. "ಹಿಂದೆ ತಿರುಗಿ ನೋಡಿದ್ರೆ ಯಾರೂ ಇಲ್ಲ. ಮನುಷ್ಯರ ದನಿ ಅಲ್ಲ ಅದು. ಬೈದದ್ದೂ ಅಲ್ಲ. ಸುಮ್ಮನೆ ಹೆಸರು."

ಆ ಕರೆ ಹಿಡಿದುಕೊಂಡು ಅವರು ಕಾನ್ವೆಂಟಿಗೆ ಹೋದರು, ಬಾಗಿಲು ಹಾಕಿಕೊಂಡು ಪ್ರಾರ್ಥನೆಯಲ್ಲೇ ಇರುವ ಸಿಸ್ಟರುಗಳ ಹತ್ತಿರ. ಸ್ವಲ್ಪ ಕಾಲದಲ್ಲೇ ಮದರ್ ಅವರನ್ನು ವಾಪಸು ಕಳಿಸಿದರು. ನಿನಗೆ ಪ್ರಾರ್ಥನೆ ಬರುತ್ತದೆ, ವಿಧೇಯತೆ ಬರುವುದಿಲ್ಲ, ಇಲ್ಲಿ ಅಡಿಗೆಯ ಸಿಸ್ಟರಿಂದ ಹಿಡಿದು ನನ್ನವರೆಗೆ ಎಲ್ಲರನ್ನೂ ನೀನೇ ಆಳುತ್ತಿದ್ದೀ ಅಂದರಂತೆ. ಹೇಳುವಾಗ ಬಾಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಯಾರಿಗೂ ಅಪ್ಪಣೆ ಕೊಡುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟರು. ಭೂಮಿಯೆಲ್ಲ ಉಳುವವನೇ ಒಡೆಯ ಎಂಬ ಕಾನೂನಿನಲ್ಲಿ ಒಕ್ಕಲುಗಳಿಗೆ ಹೋಯಿತು, ತಂದೆ ಹೋದರು. ಬೇರೆಯವರ ಮಾತು ಕೇಳಿಕೊಂಡು ಬದುಕುವುದನ್ನು ಕಲಿಯಲಿಕ್ಕೆ ಈ ಮರಳುಗಾಡಿಗೆ ಬಂದರು. ಬಂದರೆ ಇಲ್ಲಿ ಎದುರಾದವನು ಯಾರು? ಆ ಮುದುಕ ಒಕ್ಕಲಿನ ಮಗ ಸಂಜೀವ.

"ಅವನಿಗೆ ಗೊತ್ತೈತೇನ್ರಿ ಆ ಕತಿ?"

"ಗೊತ್ತುಂಟು. ಅವನ ಅಪ್ಪ ಸಾಯುವವರೆಗೆ ಹೇಳ್ತಿದ್ದನಂತೆ. ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ."

ಸಂಜೆ ಕೆಲಸದಿಂದ ಬಂದ ಮೇಲೆ ಅವರ ಪ್ರಾರ್ಥನೆ. ಮಡಚಿದ ಚಾದರದ ಮೇಲೆ ಗೋಡೆಗೆ ಮುಖ ಮಾಡಿ ಕೂಡುವುದು. ಗೋಡೆಯ ಮೇಲೆ ಒಂದು ಮರದ ಶಿಲುಬೆ ಬಿಟ್ಟರೆ ಏನೂ ಇಲ್ಲ. ಜಪ ಇಲ್ಲ, ಹಾಡು ಇಲ್ಲ, ತುಟಿ ಅಲ್ಲಾಡುತ್ತಿರಲಿಲ್ಲ. ಎರಡು ಅಂಗೈ ತೊಡೆಯ ಮೇಲೆ ಬಿಚ್ಚಿಕೊಂಡಿರುತ್ತಿದ್ದವು, ಸ್ವಲ್ಪ ಹೊತ್ತಿಗೆ ಆ ಕೈಗಳು ನಡುಗಲು ಶುರುವಾಗುತ್ತಿದ್ದವು. ಬಾಗಿಲಿಗೆ ಚಿಲಕ ಹಾಕುವ ಅಭ್ಯಾಸ ಅವರಿಗಿರಲಿಲ್ಲವಾದ್ದರಿಂದ ಉಳ್ಳಾಗಡ್ಡಿ ಕೇಳಲು ಹೋದ ನಾನೂ, ಬಾಡಿಗೆ ಕೇಳಲು ಬಂದ ಸಂಜೀವನೂ ಎಷ್ಟೋ ಸಲ ಇದನ್ನು ನೋಡಿದ್ದೆವು. ನನಗೆ ಅದನ್ನು ನೋಡಿದರೆ ರೇಗುತ್ತಿತ್ತು. ಒಬ್ಬ ಹೆಂಗಸು ಅಷ್ಟು ಹೊತ್ತು ಸುಮ್ಮನೆ ಕೂಡುವುದು ನನ್ನನ್ನೇ ಹಂಗಿಸಿದಂತೆ ಅನ್ನಿಸುತ್ತಿತ್ತು. ಸಂಜೀವನಿಗೆ ಮಾತ್ರ ಆ ನಡುಕ ಬೇರೆ ಏನನ್ನೋ ನೆನಪಿಸುತ್ತಿತ್ತು.

ತೊಂಬತ್ತನೇ ಇಸವಿಯ ಬೇಸಿಗೆ ರಜೆಯಲ್ಲಿ ನಾವು ಮೂವರೂ ಊರಿಗೆ ಹೊರಡುವವರಿದ್ದೆವು. ಹೊರಡುವ ಹೊತ್ತಿಗೆ ಸ್ಮಿತಾಳಿಗೆ ಮೈಮೇಲೆ ಅಮ್ಮ ಎದ್ದಳು, ಚಿಕನ್‌ಪಾಕ್ಸ್. ಅತ್ತೆಯ ಕಣ್ಣಿನ ಆಪರೇಶನ್ ಗೊತ್ತಾಗಿತ್ತು, ನಮ್ಮವರು ಒಬ್ಬರೇ ಹೋದರು. ಮಗು ವಾಸಿಯಾದ ಮೇಲೆ ನಾವು ಹಿಂದಿನಿಂದ ಹೋಗುವುದು ಎಂದಾಗಿತ್ತು. ಒಂದು ಬುಧವಾರ ಸಂಜೆ ಬಾಯಮ್ಮ ಮೆಟ್ಟಿಲ ಮೇಲೆ ಸಿಕ್ಕಿ, "ಇವತ್ತು ಪ್ರಾರ್ಥನೆಗೆ ಕೂರಲಿಕ್ಕೇ ಆಗಲಿಲ್ಲ. ಕೋಣೆ ತುಂಬ ಜನ ನೂಕಾಡಿದ ಹಾಗೆ ಆಗ್ತಿತ್ತು," ಅಂದರು. ಸಂಜೀವ ಅಕ್ಕಿ ಮೂಟೆ ಹೊತ್ತು ಹತ್ತುತ್ತಿದ್ದವನು ನಿಂತು ಕೇಳಿಸಿಕೊಂಡ. ಮರುದಿನ ಬೆಳಗಾಗುವಷ್ಟರಲ್ಲಿ ಇರಾಕಿನ ಟ್ಯಾಂಕುಗಳು ರಸ್ತೆಯಲ್ಲಿದ್ದವು.

ಆ ದಿನಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ನೆನಪಿರುವುದು ನನ್ನ ಕಾಲುಗಳು. ಫೋನಿಲ್ಲ, ಗಂಡನಿಲ್ಲ, ಬ್ರೆಡ್ಡಿಗೆ ಕ್ಯೂ. ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಲೇ ಇದ್ದೆ. ಸೂಟ್‌ಕೇಸ್ ತುಂಬುವುದು, ಮಗುವಿನ ಒಂದು ಅಂಗಿ ಬೇಕೆಂದು ಮತ್ತೆ ಎಲ್ಲ ತೆಗೆಯುವುದು. ಎದುರು ಮನೆಗೆ ಸೈನಿಕರು ನುಗ್ಗಿ ಟಿವಿ ಹೊತ್ತುಕೊಂಡು ಹೋದರು. ಸ್ಮಿತಾ ಮಂಚದ ಕೆಳಗಿಂದ, "ಮಮ್ಮಿ, ಐ ಆಮ್ ನಾಟ್ ಸ್ಕೇರ್ಡ್," ಅಂತ ಕೂಗಿ ಹೇಳಿದಳು. ನಾನು ಸೂಟ್‌ಕೇಸನ್ನು ಬಾಗಿಲಿಗೆ ಅಡ್ಡ ಇಟ್ಟೆ. ಜನ ಬಸ್ಸು ಮಾಡಿಕೊಂಡು ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನಿಗೆ ಹೊರಟಿದ್ದರು. ಅಲ್ಲಿಂದ ಬೊಂಬಾಯಿಗೆ ವಿಮಾನ ಇದೆ ಎಂದು ಸುದ್ದಿ. ಪಕ್ಕದ ಕಟ್ಟಡದವರ ಬಸ್ಸಿಗೆ ಹೋಗಿ ಕೇಳಿದರೆ, ಸ್ಮಿತಾಳ ಮುಖದ ಹಕ್ಕಳೆ ನೋಡಿ ಬೇಡ ಎಂದರು. ನನ್ನನ್ನು, ನನ್ನ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದವನು ಸಂಜೀವ ಒಬ್ಬನೇ. ಹೋಟೆಲಿಗೆ ಬರುತ್ತಿದ್ದ ಒಬ್ಬ ಪ್ಯಾಲೆಸ್ತೀನಿ ಡ್ರೈವರನ ಬಸ್ಸನ್ನು ಅವನು ಗೊತ್ತು ಮಾಡಿದ್ದ. ಹೋಟೆಲಿನ ಹುಡುಗರು, ಕಟ್ಟಡದ ಸಂಸಾರಗಳು ಎಲ್ಲರೂ ತಯಾರು.

ಆದರೆ ಅವನು ಹೊರಡಲಿಲ್ಲ. ಕಾರಣ ಕೇಳಿದರೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅವನ ಊರಿನಲ್ಲಿ ದೊಡ್ಡ ಕೆಲಸಕ್ಕೆ ಹೊರಡುವ ಮೊದಲು ಮನೆಯವರು ದೈವದ ಮುಂದೆ ನಿಂತು ಕೇಳುತ್ತಾರಂತೆ. ಪಾತ್ರಿಯ ಮೈಮೇಲೆ ದೈವ ಬಂದು, ಅವನ ಮೈ ನಡುಗಿ, ಹೋಗು, ನಾನಿದ್ದೇನೆ ಎಂದು ನುಡಿ ಕೊಟ್ಟರೆ ಹೊರಡುವುದು. ನುಡಿ ಆಗದಿದ್ದರೆ ಅಪ್ಪಣೆ ಇಲ್ಲ ಎಂದು ಅರ್ಥ, ಹೊಸ್ತಿಲು ದಾಟುವ ಹಾಗಿಲ್ಲ. ಇಲ್ಲಿ ದೈವ ಎಲ್ಲಿ, ಪಾತ್ರಿ ಎಲ್ಲಿ? ಅವನು ಬಾಯಮ್ಮನ ಕೈ ನಡುಗುವುದನ್ನು ಕಂಡಿದ್ದ. ಟ್ಯಾಂಕು ಬರುವ ಮುನ್ನಾದಿನ ಅವರು ಆಡಿದ ಮಾತನ್ನು ಕೇಳಿದ್ದ. ಒಂದು ತಟ್ಟೆಯಲ್ಲಿ ಅಕ್ಕಿ ಇಟ್ಟುಕೊಂಡು, ಹುಡುಗರನ್ನು ಹಿಂದೆ ಕಟ್ಟಿಕೊಂಡು ಅವರ ಬಾಗಿಲಿಗೆ ಹೋದ. "ಬಾಯಮ್ಮ, ನಿಮ್ಮ ದೇವರಾದ್ರೂ ಆಯ್ತು. ಹೊರಡಬಹುದಾ ಕೇಳಿ ಹೇಳಿ," ಅಂದ.

ಬಾಯಮ್ಮ ಗಾಬರಿಯಾದರು. "ನನಗೆ ಯಾರೂ ಏನೂ ಹೇಳುವುದಿಲ್ಲ ಸಂಜೀವ. ನಾನು ಸುಮ್ಮನೆ ಕೂತುಕೊಳ್ಳುವುದು ಮಾತ್ರ."

"ಹೇಳಲಿಲ್ಲವಾ?"

"ಇಲ್ಲ."

ಅವನು ಹುಡುಗರ ಕಡೆ ತಿರುಗಿ, "ಇವತ್ತು ಅಪ್ಪಣೆ ಆಗ್ಲಿಲ್ಲ," ಅಂದು ತಟ್ಟೆ ಹಿಡಿದುಕೊಂಡು ಇಳಿದುಹೋದ. ಮರುದಿನ ಮತ್ತೆ ಬಂದ. ಅದರ ಮರುದಿನವೂ. ಪ್ರತಿ ಸಲ ಅವರು ನಿಜ ಹೇಳುತ್ತಿದ್ದರು, ಆ ನಿಜ ಪ್ರತಿ ಸಲ ನಮ್ಮನ್ನು ಇನ್ನೊಂದು ದಿನ ಕಟ್ಟಿಹಾಕುತ್ತಿತ್ತು. ಆಚೆ ಕಟ್ಟಡದ ಬ್ಯಾರಿ ಮುಸಲ್ಮಾನರೂ ಬಂದು ಬಾಗಿಲ ಹೊರಗೆ ನಿಂತು, ಏನಾಯ್ತು ಎಂದು ಮೆಲ್ಲಗೆ ವಿಚಾರಿಸಿಕೊಂಡು ಹೋಗುವುದಕ್ಕೆ ಶುರು ಮಾಡಿದರು. ಬೇರೆ ಬಸ್ಸುಗಳು ಒಂದೊಂದಾಗಿ ಹೊರಟುಹೋದವು. ರಸ್ತೆ ಇವತ್ತು ಮುಚ್ಚುತ್ತಾರೆ, ನಾಳೆ ಮುಚ್ಚುತ್ತಾರೆ ಎಂಬ ಗಾಳಿಮಾತು. ಕೊನೆಗೊಂದು ಸಂಜೆ ಡ್ರೈವರ್ ಬಂದು, ನಾಳೆ ಬೆಳಿಗ್ಗೆ, ಇಲ್ಲದಿದ್ದರೆ ಖಲಾಸ್, ಆಮೇಲೆ ಈ ಬಸ್ಸಿನಲ್ಲಿ ನನ್ನ ಹೆಂಡತಿ ಮಕ್ಕಳು ಹೋಗುತ್ತಾರೆ ಎಂದು ಹೇಳಿ ಹೋದ.

ನಾನು ನೇರ ಬಾಯಮ್ಮನ ಕೋಣೆಗೆ ನುಗ್ಗಿದೆ. ಅವರು ಹಜ್ಜಾಳ ಮನೆಯಿಂದ ಆಗಷ್ಟೇ ಬಂದಿದ್ದರು. ಹಜ್ಜಾಳ ಮಗ, ಸೊಸೆ ಎಲ್ಲ ರಜೆಗೆಂದು ಲಂಡನ್ನಿಗೆ ಹೋಗಿ ಅಲ್ಲೇ ಉಳಿದಿದ್ದರು. ಮುದುಕಿಗೆ ಇವರೊಬ್ಬರೇ. ಚೆಕ್‌ಪೋಸ್ಟು ದಾಟಿ ದಿನವೂ ನಡೆದೇ ಹೋಗಿ ಬರುತ್ತಿದ್ದರು.

"ಒಂದು ಸುಳ್ಳು ಹೇಳಿಬಿಡ್ರಿ," ಅಂದೆ. "ದೇವರು ಹೋಗು ಅಂದ ಅಂತ ಒಂದು ಮಾತು. ನಿಮ್ಮ ದೇವರೇನು ಸಿಟ್ಟಾಗಂಗಿಲ್ಲ. ನನ್ನ ಮಗಳ ಮಾರಿ ನೋಡ್ರಿ."

"ಎಲ್ಲರ ಮುಖವೂ ನೋಡ್ತಾ ಇದ್ದೇನೆ," ಅಂದರು.

"ಮತ್ತೇನ್ರಿ ಕಷ್ಟ? ನಿಮಗೇನರ ಕೇಳಿಸೇ ಇಲ್ಲೇನು ಖರೇನ?"

ಅವರು ಚಾದರದ ಮೇಲೆ ಕೂತರು. ನಾನು ಆಚೆಯಿಂದ ಈಚೆ ನಡೆಯುತ್ತಲೇ ಇದ್ದೆ. "ಆವತ್ತು ಅಂಗಳದಲ್ಲಿ ಕೇಳಿದ ಮೇಲೆ ಮತ್ತೆ ಕೇಳಿಲ್ಲ," ಅಂದರು. "ಒಂದೇ ಒಂದು ಸಲ ಇಲ್ಲ. ಇಷ್ಟು ವರ್ಷ ದಿನಾ ಕೂತದ್ದು ಅದಕ್ಕೇ. ಕೈ ನಡುಗುವುದು ದೇವರು ಬಂದು ಅಲ್ಲ ಮಾರಾಯ್ತಿ, ಬಾರದೆ ಇರುವುದಕ್ಕೆ."

ನನ್ನ ಕಾಲು ಅಲ್ಲಿಗೆ ನಿಂತಿತು.

"ದೇವರು ಹೇಳದೆ ಇದ್ದದ್ದನ್ನು ಹೇಳಿದ ಅಂತ ನಾನು ಹೇಳಿದ್ರೆ, ನಾಳೆ ಅವನು ನಿಜವಾಗಿ ಹೇಳಿದಾಗ ನನಗೆ ಹೇಗೆ ಗೊತ್ತಾಗುವುದು? ನನ್ನ ಸುಳ್ಳು ಯಾವುದು, ಅವನ ಮಾತು ಯಾವುದು? ನನ್ನ ಹತ್ರ ಬೇರೆ ಎಂತ ಉಂಟು? ಭೂಮಿ ಇಲ್ಲ, ಮನೆ ಇಲ್ಲ. ಈ ಕಾಯುವುದು ಒಂದೇ ಇರುವುದು."

ನನಗೆ ಅಳು ಬಂತು, ಸಿಟ್ಟೂ ಬಂತು. ನಿಮ್ಮ ಆತ್ಮ ನೀವು ಕಾಯ್ದುಕೊಳ್ಳಿರಿ, ನನ್ನ ಮಗಳನ್ನು ಯಾರು ಕಾಯಬೇಕು ಎಂದು ಒದರಿ ಹೊರಗೆ ಬಂದೆ. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ತಾಯಿಯಾದವಳು ಬೇರೆ ಏನು ಹೇಳುತ್ತಾಳೆ?

ಬೆಳಿಗ್ಗೆ ಬಸ್ಸು ಹೋಟೆಲಿನ ಎದುರು ನಿಂತಿತ್ತು. ಡ್ರೈವರ್ ಎಂಜಿನ್ ಆರಿಸಿರಲಿಲ್ಲ. ಸಂಜೀವ ಅಕ್ಕಿಯ ತಟ್ಟೆ ಹಿಡಿದು ನಮ್ಮ ಮಹಡಿಗೆ ಬಂದ. ಸ್ನಾನ ಮಾಡಿದ್ದ, ಹೆಗಲ ಮೇಲೆ ಒಗೆದ ಬೈರಾಸು. ಹಿಂದೆ ಮೆಟ್ಟಿಲ ತುಂಬ ಜನ. ತೆರೆದ ಬಾಗಿಲ ಎದುರು ವರಾಂಡದಲ್ಲಿ ಅವನು ಕೂತು ತಟ್ಟೆ ಮುಂದಿಟ್ಟ. ಒಳಗೆ ನೋಡಿದರೆ ಬಾಯಮ್ಮ ಕುರ್ಚಿಯಲ್ಲಿ ಕೂತಿದ್ದರು. ದಿನದ ಗೌನು ಇರಲಿಲ್ಲ. ಅಂಚಿನ ಸೀರೆ ಉಟ್ಟಿದ್ದರು. ಬೆನ್ನು ನೆಟ್ಟಗಿತ್ತು, ಕೈಗಳು ಕುರ್ಚಿಯ ತೋಳಿನ ಮೇಲಿದ್ದವು. ಒಂದು ಕೈಯೂ ನಡುಗುತ್ತಿರಲಿಲ್ಲ.

ಸಂಜೀವ ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದರು. ತುಳುವಿನಲ್ಲಿ. ದನಿ ಏರಿಸಲಿಲ್ಲ, ಇಳಿಸಿದರು. ಮೆಟ್ಟಿಲ ಮೇಲೆ ಅಳುತ್ತಿದ್ದ ಒಂದು ಕೂಸೂ ಸುಮ್ಮನಾಯಿತು.

"ಸಂಜೀವಾ, ಲಕ್ಕ್," ಅಂದರು. ಏಳು ಎಂದು. ಇಷ್ಟು ತುಳು ಅಷ್ಟು ಹೊತ್ತಿಗೆ ನನಗೂ ಬರುತ್ತಿತ್ತು. "ಉಂದು ದೇವೆರೆನ ಪಾತೆರ ಅತ್ತ್. ಎನ್ನ ಪಾತೆರ." ಇದು ದೇವರ ಮಾತಲ್ಲ, ನನ್ನ ಮಾತು. "ಇವರನ್ನೆಲ್ಲ ಬಸ್ಸಿಗೆ ಹತ್ತಿಸು. ನೀನೂ ಹತ್ತು. ಹೋಗು."

ಸಂಜೀವ ಎದ್ದ. ಅವನು ಎದ್ದ ಅನ್ನುವುದಕ್ಕಿಂತ ಅವನ ಮೊಣಕಾಲು ಎದ್ದವು ಎನ್ನಬೇಕು. ಬಲಗೈ ತಾನೇ ಮೇಲೆ ಹೋಗಿ ಹೆಗಲ ಬೈರಾಸನ್ನು ಎಳೆದು ಕಂಕುಳಿಗೆ ಸೇರಿಸಿತು, ತಲೆ ಸ್ವಲ್ಪ ಬಾಗಿತು. ಆ ಅಂಗಳವನ್ನು ನಾನು ಕಂಡವಳಲ್ಲ, ಆದರೆ ಆ ಕ್ಷಣ ಕಂಡೆ. ಆಮೇಲೆ ಅವನೂ ಕಂಡ. ಕಂಕುಳಲ್ಲಿದ್ದ ಬೈರಾಸನ್ನು ನೋಡಿಕೊಂಡ, ಮುಖಕ್ಕೆ ರಕ್ತ ನುಗ್ಗಿತು. ಅದನ್ನು ಮತ್ತೆ ಹೆಗಲಿಗೆ ಎಸೆದುಕೊಂಡ. ಬಾಯಮ್ಮನ ಕಡೆ ಒಂದು ಸಲ ನೋಡಿ, ತಟ್ಟೆಯನ್ನು ಅಲ್ಲೇ ಬಿಟ್ಟು ತಿರುಗಿದ. "ಯಲ್ಲಾ, ನಡೀರಿ," ಅಂದ. ಜನ ದಡದಡ ಇಳಿದರು.

ನಾನು ಒಳಗೆ ಓಡಿದೆ. "ನೀವೂ ಬರ್ರಿ ಬಾಯಮ್ಮ." ಕುರ್ಚಿಯಿಂದ ಇಳಿದು ಅವರು ನೆಲದ ಮೇಲೆ ಕೂತುಬಿಟ್ಟಿದ್ದರು, ಕೈಗಳು ಮತ್ತೆ ನಡುಗುತ್ತಿದ್ದವು. "ಹಜ್ಜಾ ನಿನ್ನೆ ನನಗೆ ಹೋಗು ಅಂತ ಹುಕುಂ ಮಾಡಿದ್ದಾರೆ," ಅಂದರು. "ಅವರ ಮಾತು ಒಂದೂ ಮೀರಿದವಳಲ್ಲ. ಇದೊಂದು ಮೀರ್ತೇನೆ. ಒಂದೇ ದಿನ ಎರಡೂ ಆಯ್ತು ನೋಡು. ಅಪ್ಪಣೆ ಕೊಟ್ಟೆ, ಅಪ್ಪಣೆ ಮೀರಿದೆ." ಸ್ಮಿತಾಳ ಕೈಗೆ ಜೇಬಿಲ್ಲದ ಸೀರೆಯ ಸೆರಗಿನಿಂದ ಖರ್ಜೂರ ಬಿಚ್ಚಿ ಕೊಟ್ಟರು.

ಬಸ್ಸಿನಲ್ಲಿ ಸಂಜೀವ ಡ್ರೈವರನ ಪಕ್ಕ ನಿಂತೇ ಇದ್ದ. ಬಸ್ರಾ ಕಳೆಯಿತು, ಬಾಗ್ದಾದ್ ಕಳೆಯಿತು. ಎಲ್ಲರಿಗೂ ನೀರು ಹಂಚಿದ, ಚೆಕ್‌ಪೋಸ್ಟಿನಲ್ಲಿ ಬೇಡಿಕೊಂಡ, ಬಾಯಮ್ಮನ ಹೆಸರು ಮಾತ್ರ ಎತ್ತಲಿಲ್ಲ. ಜೋರ್ಡನ್ನಿನ ಗುಡಾರದಲ್ಲಿ ನಾನೇ ಎತ್ತಿದೆ. ಅವರು ನಮ್ಮನ್ನು ಉಳಿಸಿದರು ಎಂದೆ.

"ಗೊತ್ತುಂಟು ಅಕ್ಕ," ಅಂದ. "ದೇವರು ಹೇಳಿದ್ದು ಅಂತ ಒಂದು ಮಾತು ಹೇಳ್ಬಹುದಿತ್ತು. ನಾನು ಖುಷಿಯಲ್ಲಿ ಕೈಮುಗಿದು ಬರ್ತಿದ್ದೆ. ಅದು ಬಿಟ್ಟು ನನ್ನ ಅಪ್ಪನ ಹಾಗೆ ನಿಲ್ಲಿಸಿದ್ರು. ಇಷ್ಟು ಜನರ ಎದುರು." ಆಮೇಲೆ, "ನಾನು ಯಾಕೆ ಎದ್ದೆ ಅಕ್ಕ?" ಅಂದ. ನಾನು ಎದ್ದು ಗುಡಾರದ ಆ ತುದಿಯಿಂದ ಈ ತುದಿಗೆ ನಡೆದೆ.

ಯುದ್ಧ ಮುಗಿದ ಮೇಲೆ ರಿಫೈನರಿಯಿಂದ ನಮ್ಮವರಿಗೆ ಕರೆ ಬಂತು. ಹಿಂದಿನಿಂದ ನಾವೂ ಹೋದೆವು. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು, ಒಣಗಲು ಹಾಕಿದ ಬಟ್ಟೆಯ ಮೇಲೆ ಮಸಿ ಕೂರುತ್ತಿತ್ತು. ಸಂಜೀವ ಆಗಲೇ ಬಂದಿದ್ದ. ಲೂಟಿಯಾದ ಹೋಟೆಲಿಗೆ ಹಳೆಯ ಮೇಜುಗಳನ್ನು ತಂದು ಹಾಕಿ ನಡೆಸುತ್ತಿದ್ದ. ಬಾಯಮ್ಮ ಬ್ನೇದ್ ಅಲ್ ಗಾರ್‌ನ ಮನೆಯಲ್ಲೇ ಇದ್ದರು. ಹಜ್ಜಾ ಚಳಿಗಾಲದಲ್ಲಿ ಇವರ ತೊಡೆಯ ಮೇಲೆ ತಲೆ ಇಟ್ಟು ತೀರಿಕೊಂಡಿದ್ದಳು. ಊರಿಗೆ ಹೋಗುವ ಮೊದಲು ಕೆಲ ದಿನ ಇರಲಿ ಎಂದು ಲಂಡನ್ನಿನಿಂದ ವಾಪಸು ಬಂದ ಹಜ್ಜಾಳ ಮಗ ಹೇಳಿದ್ದನಂತೆ.

ನೋಡಲು ಹೋದರೆ ಅರ್ಧ ಆಳಾಗಿದ್ದರು. ನಮ್ಮ ಪ್ರಯಾಣದ ಬಗ್ಗೆ, ಸ್ಮಿತಾಳ ಬಗ್ಗೆ ಕೇಳಿದರು. ಆಮೇಲೆ ಸಂಜೀವನ ಬಗ್ಗೆ ಕೇಳಿದರು. ಅವನು ಬಂದು ನೋಡಿರಲಿಲ್ಲ. "ಪಾದ್ರಿಯ ಹತ್ರ ಪಾಪನಿವೇದನೆ ಮಾಡಿದೆ," ಅಂದರು. "ಅಷ್ಟು ಜನ ಉಳಿದರಲ್ಲ, ಅದು ಪಾಪ ಅಲ್ಲ ಅಂದ್ರು ಫಾದರ್. ಫಾದರಿಗೆ ಆ ಬೈರಾಸು ಗೊತ್ತಿಲ್ಲ." ನಾನು ಸಮಾಧಾನ ಹೇಳಲು ಹೋದೆ, ಕೇಳಿಸಿಕೊಳ್ಳಲಿಲ್ಲ. "ನಾಳೆ ಶುಕ್ರವಾರ. ಪೂಜೆ ಆದ ಮೇಲೆ ಅವನ ಹೋಟೆಲಿಗೆ ಹೋಗಬೇಕು ಅಂತ ಉಂಟು. ನೀನು ಜೊತೆಗೆ ಇದ್ದರೆ ಒಳ್ಳೆಯದಿತ್ತು," ಅಂದರು.

ಹೋಟೆಲು ತುಂಬಿತ್ತು. ಸಂಜೀವ ಕಾವಲಿಯ ಮುಂದೆ ನಿಂತು ಪರೋಟ ತಿರುಗಿಸುತ್ತಿದ್ದ. ಬಾಯಮ್ಮ ಬಾಗಿಲಲ್ಲಿ ನಿಂತರು. ಅವನು ನೋಡಿದ, ನೋಡಿದ ಮೇಲೆ ಮುಖ ತಿರುಗಿಸಿ ಇನ್ನೊಂದು ಪರೋಟ ಹಾಕಿದ. ಮೂಲೆಯಲ್ಲಿ ಒಂದು ಕುರ್ಚಿ ಖಾಲಿಯಿತ್ತು. "ಕೂಡ್ರಿ ಬಾಯಮ್ಮ," ಅಂದೆ. ಅವರು ತಲೆ ಅಲ್ಲಾಡಿಸಿದರು. ನಿಂತೇ ಇದ್ದರು, ಎರಡು ಕೈ ಮುಂದೆ ಕಟ್ಟಿಕೊಂಡು. ಜನ ಅವರನ್ನು ಸವರಿಕೊಂಡು ಒಳಗೆ ಹೋದರು, ತಿಂದು ಹೊರಗೆ ಬಂದರು. ಕೈಯಲ್ಲಿ ಪ್ಲೇಟು ಹಿಡಿದ ಒಬ್ಬ, "ಸೈಡ್ ಪ್ಲೀಸ್," ಅಂದರೆ ಪಕ್ಕಕ್ಕೆ ಸರಿದು ಮತ್ತೆ ಅಲ್ಲಿಗೇ ಬಂದು ನಿಂತರು. ನನ್ನ ಕಾಲು ಸುಮ್ಮನಿರಲಿಲ್ಲ. ಫುಟ್‌ಪಾತಿನ ಮೇಲೆ ಆ ತುದಿ ಈ ತುದಿ ನಡೆದೆ, ಸಂಜೀವನನ್ನು ಮನಸ್ಸಿನಲ್ಲೇ ಬೈದೆ, ಬಾಯಮ್ಮನನ್ನೂ ಬೈದೆ. ಎರಡು ಸಲ ಒಳಗೆ ನುಗ್ಗಿ ಕೂಗಾಡಬೇಕು ಅನ್ನಿಸಿತು. ಅವರ ಬೆನ್ನು ನೋಡಿ ಸುಮ್ಮನಾದೆ. ಕರೆಸಿಕೊಳ್ಳದೆ ಒಳಗೆ ಕಾಲಿಡುವ ಹೆಂಗಸು ಅಲ್ಲಿ ನಿಂತಿರಲಿಲ್ಲ.

ಊಟದ ಜನ ಕರಗಿದರು. ಸಂಜೀವ ಕಾವಲಿಯ ಉರಿ ಆರಿಸಿದ. ಬೆವರು ಒರೆಸಿಕೊಂಡು ಬಾಗಿಲ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಸಿಟ್ಟು ಇತ್ತು, ಅದು ಒಮ್ಮೆಲೇ ಹೋಗಲಿಲ್ಲ. ಬಾಗಿಲ ಹತ್ತಿರದ ಕುರ್ಚಿಯನ್ನು ಕಾಲಿನಿಂದ ಸರಿಸಿ, ಹೆಗಲ ಬೈರಾಸಿನಿಂದ ಅದನ್ನು ಒರೆಸಿದ.

"ಕುಲ್ಲ್," ಅಂದ.

ಕೂತುಕೋ. ತುಳುವಿನ ಏಕವಚನದಲ್ಲಿ, ಹೋಟೆಲಿನ ಹುಡುಗನಿಗೆ ಹೇಳಿದ ಹಾಗೆ, ತಂಗಿಗೆ ಹೇಳಿದ ಹಾಗೆ. ಬಾಯಮ್ಮ ತಟ್ಟನೆ ಕೂತರು, ಸ್ಕೂಲಿನಲ್ಲಿ ಹುಡುಗಿ ಕೂತ ಹಾಗೆ. ಅವನು ಚಹಾ ತಂದಿಟ್ಟ. ತಾನೂ ಒಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಬಾಯಮ್ಮ ಚಹಾ ಕುಡಿದರು. ನನ್ನನ್ನು ಚಹಾ ಬೇಕೇ ಎಂದು ಇಬ್ಬರೂ ಕೇಳಲಿಲ್ಲ, ಅದನ್ನು ಇಲ್ಲಿ ದಾಖಲಿಸಿಯೇ ಬಿಡುತ್ತೇನೆ.

ವಾಪಸು ಟ್ಯಾಕ್ಸಿಯಲ್ಲಿ ಅವರು ಕಿಟಕಿಯ ಹೊರಗೆ ಹೊಗೆ ತುಂಬಿದ ಆಕಾಶ ನೋಡುತ್ತಾ ಕೂತಿದ್ದರು. ಅಂಗೈಗಳು ತೊಡೆಯ ಮೇಲೆ ಬಿಚ್ಚಿಕೊಂಡಿದ್ದವು, ಪ್ರಾರ್ಥನೆಯಲ್ಲಿ ಇರುತ್ತಿದ್ದ ಹಾಗೆಯೇ. ನಡುಗುತ್ತಿರಲಿಲ್ಲ. ನಾನು ಅವರ ಕಡೆ ಸರಿದು ಕೂತೆ.

"ಬಾಯಮ್ಮ," ಅಂದೆ, "ಏನರ ಕೇಳಿಸ್ತೇನ್ರಿ?"

ಅವರು ನನ್ನ ಕಡೆ ತಿರುಗಿದರು. ಅಷ್ಟು ಕಾಲದಲ್ಲಿ ನಾನು ಅವರ ಮುಖದಲ್ಲಿ ಅಂಥ ನಗು ಕಂಡಿರಲಿಲ್ಲ.

"ಕೇಳಿಸಿತು," ಅಂದರು. "ತುಳುವಿನಲ್ಲಿ."